ಬ್ರೆಕ್ಸಿಟ್ ನನಗೆ ಅರ್ಥವಾದದ್ದು ತಲಪಾಡಿಯಲ್ಲಿ

(ಚೆನ್ನೈನ ಕೀಲ್ಪಾಕ್‌ನಲ್ಲಿ ರೆಕಾರ್ಡ್ ಮಾಡಿದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)



ನಾನು ಸಾಫ್ಟ್‌ವೇರ್ ಇಂಜಿನಿಯರ್. ಎಂ.ಟೆಕ್ ಮುಗಿಸಿ ಚೆನ್ನೈಗೆ ಬಂದು ಹತ್ತು ವರ್ಷದ ಮೇಲಾಯ್ತು. ಇಲ್ಲೇ ಕೀಲ್ಪಾಕ್‌ನಲ್ಲಿ ಬಾಡಿಗೆ ಮನೆ. ನಮ್ಮೂರು ಮಂಜೇಶ್ವರದ ಹತ್ತಿರ, ಅಂದ್ರೆ ಕಾಸರಗೋಡು ಜಿಲ್ಲೆ. ನಾನು ರಾಜಕೀಯ ವಿಶ್ಲೇಷಕ ಅಲ್ಲ, ಇತಿಹಾಸ ಓದಿದವನೂ ಅಲ್ಲ. ಆದರೂ ಬ್ರೆಕ್ಸಿಟ್ ಬಗ್ಗೆ ಮಾತಾಡಲು ಯಾಕೆ ಒಪ್ಪಿಕೊಂಡೆ ಅಂದ್ರೆ, ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಗೆ ಬರುತ್ತಾ ಇಲ್ವಾ ಅಂತ ಜನ ಟಿವಿಯಲ್ಲಿ ನೋಡ್ತಾ ಇದ್ದ ಕಾಲದಲ್ಲಿ, ಆ ಪ್ರಶ್ನೆಗೆ ಕೋಡ್‌ನಲ್ಲಿ ಉತ್ತರ ಬರೆಯುವ ಕೆಲಸ ನನ್ನ ಮೇಜಿಗೆ ಬಂದಿತ್ತು.

ಮೊದಲು ಆ ಕೆಲಸ ಏನು ಅಂತ ಹೇಳ್ತೀನಿ. 2018ರ ಕೊನೆಯಲ್ಲಿ ನಮ್ಮ ತಂಡಕ್ಕೆ ಇಂಗ್ಲೆಂಡಿನ ಒಂದು ಕಂಪನಿಯ ಪ್ರಾಜೆಕ್ಟ್ ಬಂತು. ಯುರೋಪಿನ ಬೇರೆ ಬೇರೆ ದೇಶಗಳಿಂದ ಸಾಮಾನು ತರಿಸಿ ಬ್ರಿಟನ್ನಿನ ಅಂಗಡಿಗಳಿಗೆ ಹಂಚುವ ಕಂಪನಿ. ಅಲ್ಲಿಯವರೆಗೆ ಫ್ರಾನ್ಸಿನಿಂದ ಬರುವ ಲಾರಿಗೆ ಕಸ್ಟಮ್ಸ್ ಕಾಗದವೇ ಬೇಕಿರಲಿಲ್ಲ. ಬ್ರಿಟನ್ ಹೊರಬಂದ ಕ್ಷಣದಿಂದ ಬೇಕು. ಯಾವ ಕ್ಷಣ? 2019ರ ಮಾರ್ಚ್ 29, ಲಂಡನ್ನಿನಲ್ಲಿ ರಾತ್ರಿ 11 ಗಂಟೆ. ನಮ್ಮ ಗಡಿಯಾರದಲ್ಲಿ ಮಾರ್ಚ್ 30ರ ಬೆಳಗಿನ ಜಾವ 4.30. ನಮ್ಮ ಕಾನ್ಫಿಗರೇಷನ್ ಫೈಲಿನಲ್ಲಿ ಅದು ಒಂದೇ ಒಂದು ಸಾಲು. ಆ ಹೊತ್ತಿಗೆ ಮುಂಚೆ ಬಂದ ಸರಕಿಗೆ ಹಳೇ ನಿಯಮ, ಆಮೇಲೆ ಬಂದದ್ದಕ್ಕೆ ಹೊಸ ನಿಯಮ.

ಹೊಸ ನಿಯಮ ಯಾವುದು ಅಂತ ಕೇಳಿದೆವು. ಆ ಕಡೆಯಿಂದ ಬಂದ ಉತ್ತರ: ‘ಎರಡು ಥರ ಬರೆದಿಡಿ. ಒಪ್ಪಂದ ಆದ್ರೆ ಸದ್ಯಕ್ಕೆ ಏನೂ ಬದಲಾಗೋದಿಲ್ಲ. ಆಗದಿದ್ರೆ ಒಂದೇ ರಾತ್ರಿಯಲ್ಲಿ ಎಲ್ಲಾ ಬದಲಾಗುತ್ತೆ. ಯಾವುದು ಅಂತ ಕೊನೇ ವಾರ ಹೇಳ್ತೀವಿ.’

ಆ ಒಂದು ಸಾಲನ್ನು ನಾನು ಎಷ್ಟು ಸಲ ತಿದ್ದಿದೆ ಗೊತ್ತಾ? ಮಾರ್ಚ್ 29 ಅಂತ ಇದ್ದದ್ದು ಏಪ್ರಿಲ್ 12 ಆಯ್ತು. ಏಪ್ರಿಲ್ 12 ಹೋಗಿ ಅಕ್ಟೋಬರ್ 31 ಆಯ್ತು. ಅಕ್ಟೋಬರ್ 31 ಹೋಗಿ 2020ರ ಜನವರಿ 31 ಆಯ್ತು. ಆ ದಿನ ಬ್ರಿಟನ್ ನಿಜವಾಗಿಯೂ ಹೊರಬಂತು, ಆದರೆ ಕಸ್ಟಮ್ಸ್ ನಿಯಮ ಬದಲಾಗಿದ್ದು 2020ರ ಡಿಸೆಂಬರ್ 31ರ ರಾತ್ರಿ. ಪ್ರತಿ ಸಲ ತಾರೀಖು ಹತ್ತಿರ ಬಂದಾಗ ತಂಡದ ಎಲ್ಲರ ರಜೆ ರದ್ದು, ರಾತ್ರಿ ಪಾಳಿ, ಪರೀಕ್ಷೆ ಮೇಲೆ ಪರೀಕ್ಷೆ. ಆಮೇಲೆ ಒಂದು ಇಮೇಲ್ ಬರ್ತಿತ್ತು, ‘ಮುಂದೆ ಹೋಗಿದೆ’ ಅಂತ.

ಅದೇ ಮಾರ್ಚ್‌ನಲ್ಲಿ ಊರಿನಲ್ಲಿ ನನ್ನ ಅಜ್ಜ, ಅಮ್ಮನ ಅಪ್ಪ, ಹುಷಾರಿಲ್ಲದೆ ಮಲಗಿದ್ರು. ವಯಸ್ಸು 87. ನನಗೆ ಹೋಗೋಕೆ ಆಗಲಿಲ್ಲ. ಯಾರೋ ಎಲ್ಲೋ ಒಂದು ತೀರ್ಮಾನ ತಗೊಳ್ಳೋಕೆ ಒದ್ದಾಡ್ತಿದ್ದಾರೆ, ಅದಕ್ಕೆ ಕೀಲ್ಪಾಕ್‌ನಲ್ಲಿ ಕೂತ ನಾನು ಅಜ್ಜನನ್ನು ನೋಡೋಕೆ ಹೋಗೋ ಹಾಗಿಲ್ಲ. ನನ್ನ ಸಿಟ್ಟು ಅಷ್ಟು ಸಣ್ಣದು. ಆದರೆ ‘ಇದು ಯಾಕೆ ಇಷ್ಟು ಕಷ್ಟ?’ ಅಂತ ಕೂತು ಓದೋಕೆ ಶುರು ಮಾಡಿದ್ದು ಆ ಸಿಟ್ಟಿನಿಂದಲೇ.

ಯುರೋಪಿಯನ್ ಒಕ್ಕೂಟದ ಮಾರುಕಟ್ಟೆ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಸುಲಭವಾಗಿ ಹೇಳಬಹುದು. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವಾಗ ತಲಪಾಡಿ ದಾಟಿದ ಮೇಲೆ, ಮಂಜೇಶ್ವರದಲ್ಲಿ ಕೇರಳದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್ ಇತ್ತು. ನಾನು ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡ್ತಿದ್ದೆ, ಲಾರಿಗಳ ಸಾಲು. ಡ್ರೈವರ್‌ಗಳು ಲಾರಿ ನೆರಳಲ್ಲೇ ಕೂತು ಊಟ ಮಾಡ್ತಿದ್ರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಹೋಗಲು ಗಡಿಯಲ್ಲಿ ನಿಂತು ತೆರಿಗೆ ಲೆಕ್ಕ ಕೊಡಬೇಕಾಗಿಲ್ಲ. ಯುರೋಪಿನವರು ಇದನ್ನು ಬೇರೆ ಬೇರೆ ದೇಶಗಳ ನಡುವೆ 1993ರಿಂದಲೇ ಮಾಡಿಕೊಂಡಿದ್ರು. ಹೊರಗಿನಿಂದ ಬರುವ ಸರಕಿಗೆ ಎಲ್ಲರದ್ದೂ ಒಂದೇ ಸುಂಕ, ಒಳಗೆ ಸುಂಕ ಇಲ್ಲ. ಆಹಾರ, ಔಷಧ, ಯಂತ್ರಗಳ ಗುಣಮಟ್ಟಕ್ಕೆ ಬಹುಮಟ್ಟಿಗೆ ಒಂದೇ ನಿಯಮ. ಹಾಗಾಗಿ ತಡೆದು ನೋಡುವ ಅಗತ್ಯ ಇಲ್ಲ.

ನಾವು ಚೆಕ್‌ಪೋಸ್ಟ್ ತೆಗೆಯುವ ತಯಾರಿಯಲ್ಲಿದ್ದಾಗ ಬ್ರಿಟನ್ ಅದನ್ನು ಮತ್ತೆ ಕಟ್ಟುವ ಕಡೆಗೆ ಹೊರಟಿತ್ತು. 2016ರ ಜೂನ್ 23ಕ್ಕೆ ಜನಮತಗಣನೆ. ಹೊರಬರೋಣ ಅಂದವರು ಶೇ. 51.9, ಇರೋಣ ಅಂದವರು ಶೇ. 48.1. ಮರುದಿನವೇ ಪ್ರಧಾನಿ ಡೇವಿಡ್ ಕ್ಯಾಮರೂನ್ ರಾಜೀನಾಮೆ ಘೋಷಿಸಿದ್ರು. ಮತ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಎರಡು ಚೌಕ: ಒಕ್ಕೂಟದಲ್ಲಿ ಇರೋದಾ, ಬಿಡೋದಾ. ಬಿಟ್ಟು ಎಲ್ಲಿಗೆ ಹೋಗೋದು ಅಂತ ಚೀಟಿಯಲ್ಲಿ ಇರಲಿಲ್ಲ. ನಾರ್ವೆ ಹಾಗೆ ಮಾರುಕಟ್ಟೆಯೊಳಗೆ ಇದ್ದುಕೊಂಡು ಸದಸ್ಯತ್ವ ಬಿಡಬಹುದು, ಕೆನಡಾ ಹಾಗೆ ದೂರದಿಂದ ಒಂದು ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು, ಏನೂ ಇಲ್ಲದೆ ಎದ್ದು ಬರಬಹುದು. ‘ಬಿಡೋಣ’ ಅಂತ ಗುರುತು ಹಾಕಿದ ಒಂದು ಕೋಟಿ 74 ಲಕ್ಷ ಜನ ಇವುಗಳಲ್ಲಿ ಯಾವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ರು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಕ್ವೈರ್‌ಮೆಂಟ್ ಬರೆಯದೆ ಪ್ರಾಜೆಕ್ಟ್‌ಗೆ ಸಹಿ ಹಾಕಿದ್ರು.

ಆಮೇಲೆ ಬಂದ ತೆರೇಸಾ ಮೇ 2017ರ ಮಾರ್ಚ್ 29ಕ್ಕೆ ‘ನಾವು ಹೊರಡ್ತೇವೆ’ ಅಂತ ಯುರೋಪಿಗೆ ಅಧಿಕೃತ ಪತ್ರ ಕೊಟ್ರು. ಅಲ್ಲಿಂದ ಎರಡು ವರ್ಷದ ಗಡುವು. ಅದೇ ಜೂನ್‌ನಲ್ಲಿ ಚುನಾವಣೆಗೆ ಹೋಗಿ ಇದ್ದ ಬಹುಮತವನ್ನೂ ಕಳೆದುಕೊಂಡ್ರು.

ಇನ್ನು ನಿಜವಾದ ಗಂಟು. ಐರ್ಲೆಂಡ್ ಅನ್ನೋದು ಒಂದು ದ್ವೀಪ. ಅದರ ಉತ್ತರದ ಭಾಗ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಸ್ವತಂತ್ರ ದೇಶ, ಯುರೋಪಿಯನ್ ಒಕ್ಕೂಟದ ಸದಸ್ಯ. ಮಧ್ಯೆ ಸುಮಾರು 500 ಕಿಲೋಮೀಟರ್ ಗಡಿ, ದಾಟುವ ರಸ್ತೆಗಳು ಇನ್ನೂರಕ್ಕಿಂತ ಹೆಚ್ಚು. ಮೂವತ್ತು ವರ್ಷ ಅಲ್ಲಿ ರಕ್ತಪಾತ ನಡೆದಿತ್ತು, ಸುಮಾರು 3,500 ಜನ ಸತ್ತಿದ್ರು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದಿಂದ ಶಾಂತಿ ಬಂತು. ಗಡಿಯ ಕಾವಲು ಗೋಪುರಗಳು ಹೋದವು. ಈಗ ಬ್ರಿಟನ್ ಹೊರಬಂದರೆ ಆ ಗಡಿ ಯುರೋಪಿಯನ್ ಮಾರುಕಟ್ಟೆಯ ಗಡಿ ಆಗುತ್ತೆ. ಗಡಿ ಅಂದ ಮೇಲೆ ತಪಾಸಣೆ ಬೇಡವಾ?

ಬ್ರಿಟನ್ ಸರ್ಕಾರ ಮೂರು ಮಾತು ಕೊಟ್ಟಿತ್ತು. ಒಂದು, ಯುರೋಪಿನ ಮಾರುಕಟ್ಟೆ ಮತ್ತು ಸುಂಕದ ಒಕ್ಕೂಟ ಎರಡನ್ನೂ ಬಿಡ್ತೇವೆ. ಎರಡು, ಐರ್ಲೆಂಡ್ ದ್ವೀಪದ ಮೇಲೆ ತಪಾಸಣೆ ಇರೋದಿಲ್ಲ. ಮೂರು, ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವೆಯೂ ತಪಾಸಣೆ ಇರೋದಿಲ್ಲ. ಯಾವುದೇ ಎರಡನ್ನು ಆರಿಸಿ, ಮೂರನೆಯದು ತಾನೇ ಬಿದ್ದುಹೋಗುತ್ತೆ. ಇದು ರಾಜಕೀಯ ಅಲ್ಲ, ಲೆಕ್ಕ. ‘ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಸುಂಕದ ಒಕ್ಕೂಟದಲ್ಲೇ ಇರಲಿ’ ಅಂತ ಮೇ ಮಾಡಿಕೊಂಡ ಏರ್ಪಾಡಿಗೆ ಬ್ಯಾಕ್‌ಸ್ಟಾಪ್ ಅಂತ ಹೆಸರು. ಅದರ ಮೇಲೇ ಎಲ್ಲಾ ಜಗಳ.

2019ರ ಜನವರಿ 15ಕ್ಕೆ ಆ ಒಪ್ಪಂದ ಸಂಸತ್ತಿಗೆ ಬಂತು. ಪರ 202, ವಿರೋಧ 432. ಆಧುನಿಕ ಕಾಲದಲ್ಲಿ ಅಲ್ಲಿನ ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ. ಮಾರ್ಚ್ 12ಕ್ಕೆ ಮತ್ತೆ ಸೋಲು. ಮಾರ್ಚ್ 27ಕ್ಕೆ ಸಂಸತ್ ಸದಸ್ಯರೇ ಎಂಟು ಬೇರೆ ಬೇರೆ ದಾರಿಗಳನ್ನು ಮತಕ್ಕೆ ಹಾಕಿದ್ರು. ಎಂಟಕ್ಕೆ ಎಂಟೂ ಸೋತವು. ಹೊರಡಬೇಕಿದ್ದ ಮಾರ್ಚ್ 29ರ ದಿನವೇ ಮೇ ಅವರ ಒಪ್ಪಂದ ಮೂರನೇ ಸಲ ಸೋತಿತು. ಏಪ್ರಿಲ್ 1ಕ್ಕೆ ನಾಲ್ಕು ದಾರಿ ಇಟ್ಟು ಮತ್ತೆ ಮತ. ಆ ನಾಲ್ಕೂ ಸೋತವು. ಏನು ಬೇಡ ಅಂತ ಹೇಳೋಕೆ ಎಲ್ಲದಕ್ಕೂ ಬಹುಮತ ಇತ್ತು. ಏನು ಬೇಕು ಅನ್ನೋದಕ್ಕೆ ಒಂದಕ್ಕೂ ಇರಲಿಲ್ಲ.

ಆ ದಿನಗಳಲ್ಲಿ ನಮ್ಮ ಕಾಲ್‌ಗಳಿಗೆ ಆ ಕಡೆಯಿಂದ ಇಬ್ಬರು ಬರ್ತಿದ್ರು. ಒಬ್ಬರು ಲಂಡನ್ನಿನವರು, ಇರೋಣ ಅಂತ ಮತ ಹಾಕಿದವರು. ‘ಬ್ರೆಕ್ಸಿಟ್ ರದ್ದು ಮಾಡಿ’ ಅಂತ ಸಂಸತ್ತಿನ ವೆಬ್‌ಸೈಟಿನಲ್ಲಿದ್ದ ಮನವಿಗೆ ಸಹಿ ಹಾಕಿದ್ದೆ ಅಂತ ಹೇಳಿದ್ರು. ಆ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು. ಇನ್ನೊಬ್ಬರು ಇಂಗ್ಲೆಂಡಿನ ಉತ್ತರ ಭಾಗದ ಸಣ್ಣ ಪಟ್ಟಣದವರು, ಬಿಡೋಣ ಅಂದವರು. ಟೀವಿಯಲ್ಲಿ ತೋರಿಸ್ತಿದ್ದ ಹಾಗೆ ಅವರೇನೂ ಮೂರ್ಖರಲ್ಲ. ‘ನಮ್ಮೂರಿನ ಕಾರ್ಖಾನೆ ಮುಚ್ಚಿದಾಗ ಯಾರೂ ನಮ್ಮನ್ನು ಕೇಳಲಿಲ್ಲ. ನನ್ನ ಮತಕ್ಕೆ ಬೆಲೆ ಇದೆ ಅಂತ ಅನ್ನಿಸಿದ್ದು ಅದೊಂದೇ ದಿನ. ಈಗ ಅದನ್ನೂ ಕಿತ್ತುಕೊಳ್ತಿದ್ದಾರೆ’ ಅಂದಿದ್ರು. ಇಬ್ಬರಿಗೂ ಮೋಸ ಹೋದ ಭಾವನೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರದ್ದೂ ಒಂದೇ ಮಾತು: ‘ಏನಾದ್ರೂ ಒಂದು ಮಾಡಿ ಮುಗಿಸಲಿ.’

ಆ ಸುಸ್ತಿನ ಬೆಲೆ ದೊಡ್ಡದು. ಬಿಟ್ಟು ಹೋಗಬೇಕಿದ್ದ ಯುರೋಪಿನ ಸಂಸತ್ತಿಗೆ 2019ರ ಮೇ 23ಕ್ಕೆ ಬ್ರಿಟನ್ನಿನವರು ಚುನಾವಣೆ ನಡೆಸಬೇಕಾಯ್ತು. ಮರುದಿನ ತೆರೇಸಾ ಮೇ ರಾಜೀನಾಮೆ ಘೋಷಿಸಿದ್ರು. ಬೋರಿಸ್ ಜಾನ್ಸನ್ ಬಂದ್ರು, ಸಂಸತ್ತನ್ನೇ ಐದು ವಾರ ಮುಚ್ಚಲು ಹೊರಟ್ರು. ಅದು ಕಾನೂನುಬಾಹಿರ ಅಂತ ಸೆಪ್ಟೆಂಬರ್ 24ಕ್ಕೆ ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ತೀರ್ಪು ಕೊಟ್ರು. ಅಕ್ಟೋಬರ್ 31 ಅಂತ ತಾರೀಖು ಹಾಕಿ ಟಂಕಿಸಿದ್ದ 50 ಪೆನ್ಸ್ ನಾಣ್ಯಗಳನ್ನು ಆ ತಾರೀಖೂ ತಪ್ಪಿದ ಮೇಲೆ ಕರಗಿಸಬೇಕಾಯ್ತು. ಕೊನೆಗೆ ಡಿಸೆಂಬರ್ ಚುನಾವಣೆಯಲ್ಲಿ ಜಾನ್ಸನ್ ‘ಬ್ರೆಕ್ಸಿಟ್ ಮುಗಿಸಿಬಿಡೋಣ’ ಅನ್ನೋ ಘೋಷಣೆ ಇಟ್ಟುಕೊಂಡು 365 ಸ್ಥಾನ ಗೆದ್ರು. ಜನಕ್ಕೆ ಬೇಕಾಗಿದ್ದೂ ಮುಗಿಸೋದೇ. ಹೇಗೆ ಮುಗಿಸ್ತೀರಿ ಅಂತ ಕೇಳುವ ತ್ರಾಣ ಉಳಿದಿರಲಿಲ್ಲ.

ಈಗ ಸ್ವಲ್ಪ ಹಿಂದೆ, 2019ರ ಏಪ್ರಿಲ್‌ಗೆ ಬರ್ತೀನಿ. ಏಪ್ರಿಲ್ 11ರ ಬೆಳಿಗ್ಗೆ ಸುದ್ದಿ ಬಂತು, ತಾರೀಖು ಅಕ್ಟೋಬರ್ 31ಕ್ಕೆ ಹೋಗಿದೆ ಅಂತ. ರಜೆ ಸಿಕ್ತು. ಬಿಸು ಹಬ್ಬಕ್ಕೆ ಊರಿಗೆ ಹೋದೆ. ಅಜ್ಜ ಸ್ವಲ್ಪ ಚೇತರಿಸಿಕೊಂಡು ಜಗಲಿಯಲ್ಲಿ ಕೂತಿದ್ರು. ‘ಯಾಕೆ ಬರಲಿಲ್ಲ?’ ಅಂತ ಕೇಳಿದ್ರು. ನಾನು ಈ ಕಥೆ ಎಲ್ಲಾ ಹೇಳಿದೆ. ಅಕ್ಟೋಬರ್ 31 ಅಂದ ಕೂಡಲೇ ಅವರು ನಕ್ಕುಬಿಟ್ರು. ‘ನಮ್ಮದೂ ಅದೇ ತಾರೀಖು ಮಾರಾಯ’ ಅಂದ್ರು.

ಅಜ್ಜ ಶಾಲೆ ಮೇಷ್ಟ್ರು. 1956ರಲ್ಲಿ ನಮ್ಮೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಂದ್ರೆ, ನಾನು ಈಗ ಕೂತಿರುವ ಈ ಊರೇ ಅವರ ರಾಜಧಾನಿ. ಅಕ್ಟೋಬರ್ 31ರ ಸಂಜೆ ಅವರು ಮದ್ರಾಸ್ ಸರ್ಕಾರದ ಮೇಷ್ಟ್ರು. ನವೆಂಬರ್ 1ರ ಬೆಳಿಗ್ಗೆ ಕೇರಳ ಸರ್ಕಾರದ ಮೇಷ್ಟ್ರು. ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರಿಗೆ, ಕಾಸರಗೋಡು ತಾಲೂಕು ಕೇರಳಕ್ಕೆ. ಶಾಲೆಯೂ ಅದೇ, ಮಕ್ಕಳೂ ಅದೇ, ಕಪ್ಪು ಹಲಗೆಯೂ ಅದೇ. ಅವರ ಸರ್ವಿಸ್ ಪುಸ್ತಕದಲ್ಲಿ ಮಾತ್ರ ಮೊದಲ ಪುಟಗಳಲ್ಲಿ ಮದ್ರಾಸ್, ಆಮೇಲೆ ಕೇರಳ.

‘ಆ ದಿನ ಬೇಜಾರಾಯ್ತಾ?’ ಅಂತ ಕೇಳಿದೆ. ‘ಆ ದಿನಕ್ಕಿಂತ ಆಮೇಲಿನ ಕಾಯುವಿಕೆ ಕಷ್ಟ’ ಅಂದ್ರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಚಳವಳಿ ನಡೀತು, ಕವಿ ಕಯ್ಯಾರ ಕಿಞ್ಞಣ್ಣ ರೈ ಅಂಥವರು ಮುಂದೆ ನಿಂತ್ರು. 1966ರಲ್ಲಿ ಕೇಂದ್ರ ಸರ್ಕಾರ ಮಹಾಜನ್ ಆಯೋಗ ನೇಮಿಸಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮೆಹರ್ ಚಂದ್ ಮಹಾಜನ್ ಅದರ ಮುಖ್ಯಸ್ಥರು. 1967ರಲ್ಲಿ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ಹೇಳಿತು. ನಮ್ಮೂರು ಹೊಳೆಯ ಉತ್ತರಕ್ಕೇ ಇದೆ. ಊರಲ್ಲಿ ಸಂಭ್ರಮ. ಆದರೆ ಕೇರಳ ಒಪ್ಪಲಿಲ್ಲ. ಬೆಳಗಾವಿ ವಿಷಯದಲ್ಲಿ ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಜಾರಿಯಾಗಲಿಲ್ಲ.

ಅಜ್ಜ ಹೇಳಿದ್ದು ಇಷ್ಟು: ‘ಇಲ್ಲ ಅಂತ ಖಡಾಖಂಡಿತ ಹೇಳಿದ್ರೆ ನಾವು ಹಾಗೇ ಬದುಕು ಕಟ್ಟಿಕೊಳ್ತಿದ್ವಿ. ಹೌದು ಅಂದ್ರೂ ಕಟ್ಟಿಕೊಳ್ತಿದ್ವಿ. ಇವತ್ತು ಆಗ್ತದೆ, ನಾಳೆ ಆಗ್ತದೆ ಅಂತ ಕೂತ್ವಿ.’ ಹಾಗೆ ಕೂತದ್ದರ ಬೆಲೆ ಏನು ಅಂದ್ರೆ, ನನ್ನ ದೊಡ್ಡ ಮಾವ. ‘ಹೇಗೂ ಮೈಸೂರಿಗೆ ಸೇರ್ತೇವಲ್ಲ’ ಅಂತ ಅವರಿಗೆ ಮಲಯಾಳ ಕಲಿಸುವ ಗೋಜಿಗೇ ಅಜ್ಜ ಹೋಗಲಿಲ್ಲ. ಮಾವ ದೊಡ್ಡವರಾಗಿ ಕೆಲಸ ಹುಡುಕುವಾಗ ಕೇರಳದಲ್ಲಿ ಭಾಷೆ ಅಡ್ಡ ಬಂತು, ಕರ್ನಾಟಕದಲ್ಲಿ ‘ನೀವು ಹೊರಗಿನವರು’ ಅಂದ್ರು. ಕೊನೆಗೆ ಮುಂಬೈಗೆ ಹೋಗಿ ಹೋಟೆಲಿನ ಲೆಕ್ಕ ಬರೆದ್ರು. ಇದನ್ನು ಹೇಳುವಾಗ ಅಜ್ಜ ನನ್ನ ಮುಖ ನೋಡಲಿಲ್ಲ, ಅಂಗಳದ ಕಡೆ ನೋಡ್ತಾ ಇದ್ರು.

ಎಲ್ಲರೂ ಸುಮ್ಮನೆ ಕೂತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಅಡಿಕೆ ಬೆಲೆ ಕುಸಿದಾಗ ಎರಡೂ ಕಡೆಯ ಬೆಳೆಗಾರರು ಒಟ್ಟಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದ್ರು. ಕರ್ನಾಟಕ, ಕೇರಳ ಎರಡರ ರೈತರೂ ಅದರ ಸದಸ್ಯರು. ‘ಗೆರೆ ಅಳಿಸೋಕೆ ನಮ್ಮಿಂದ ಆಗಲಿಲ್ಲ, ಅಡಿಕೆ ಗೆರೆ ದಾಟಿತು’ ಅಂತ ಅಜ್ಜ ಹೇಳ್ತಿದ್ರು. ನಿತ್ಯದ ಬದುಕಿನಲ್ಲೂ ಹಾಗೇ. ಆಸ್ಪತ್ರೆಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಜವಳಿಗೂ ಮಂಗಳೂರು. ತಲಪಾಡಿಯಲ್ಲಿ ರಾಜ್ಯ ಬದಲಾಗೋದು ಬಸ್ಸಿನಲ್ಲಿ ನಿದ್ದೆ ಮಾಡಿದವರಿಗೆ ಗೊತ್ತೇ ಆಗ್ತಿರಲಿಲ್ಲ.

ಐರ್ಲೆಂಡಿನವರು ಯಾಕೆ ಅಷ್ಟು ಹೆದರಿದ್ರು ಅಂತ ನನಗೆ ಓದಿ ತಿಳಿದಿತ್ತು, ಅನುಭವಕ್ಕೆ ಬಂದಿರಲಿಲ್ಲ. ಅದು ಬಂದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ. ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದೆ ಅಂತ ಕರ್ನಾಟಕ ಗಡಿ ಮುಚ್ಚಿತು. ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ವಾಪಸ್ ಹೋದವು. ಮಂಗಳೂರಿಗೆ ಹೋಗಲಾಗದೆ ಹಲವು ರೋಗಿಗಳು ತೀರಿಕೊಂಡರು ಅಂತ ಕೇರಳ ಸರ್ಕಾರ ಹೇಳಿತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗೆ ದಾರಿ ಬಿಡಿಸಿ ಅಂತ ಆದೇಶ ಕೊಟ್ಟಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯ್ತು. ರೋಗಿಗಳನ್ನು ತಲಪಾಡಿಯಲ್ಲಿ ಹೇಗೆ ಬಿಡಬೇಕು ಅನ್ನೋದಕ್ಕೆ ಎರಡೂ ರಾಜ್ಯ ಒಪ್ಪಿವೆ ಅಂತ ಏಪ್ರಿಲ್ 7ಕ್ಕೆ ಕೇಂದ್ರ ಕೋರ್ಟಿಗೆ ತಿಳಿಸಿತು.

ಆ ದಿನಗಳಲ್ಲಿ ನಾನು ಲಾಕ್‌ಡೌನ್‌ನಲ್ಲಿ ಇದೇ ಕೀಲ್ಪಾಕ್ ಮನೆಯಲ್ಲಿ. ಅಜ್ಜನ ಹೃದಯದ ಔಷಧಿ ಬರೆಯುವ ಡಾಕ್ಟರ್ ಮಂಗಳೂರಿನಲ್ಲಿ. ಅಮ್ಮ ಫೋನ್ ಮಾಡಿ ‘ರಾತ್ರಿ ಏನಾದ್ರೂ ಆದ್ರೆ ಎಲ್ಲಿಗೆ ಕರ್ಕೊಂಡು ಹೋಗೋದು?’ ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪುಣ್ಯ, ಏನೂ ಆಗಲಿಲ್ಲ. ಅಜ್ಜ ಆಮೇಲೆ ಒಂದು ವರ್ಷ ಇದ್ರು. ಆದರೆ ಆವತ್ತು ಫೋನಿನಲ್ಲಿ ಅವರು ಹೇಳಿದ್ದು ನೆನಪಿದೆ: ‘ಅರುವತ್ತು ವರ್ಷದ ಹಿಂದೆ ಕಾಗದದ ಮೇಲೆ ಎಳೆದದ್ದು. ಈಗ ನೋಡು, ಮಣ್ಣಿನ ರಾಶಿ.’

ಕರ್ನಾಟಕ ಮಾಡಿದ್ದು ಸರಿಯಾ ತಪ್ಪಾ ಅಂತ ವಾದ ಮಾಡೋಕೆ ನಾನು ಬಂದಿಲ್ಲ. ಹೆದರಿಕೆ ಎಲ್ಲರಿಗೂ ಇತ್ತು. ನಾನು ಹೇಳ್ತಿರೋದು, ಗಡಿ ಮೆತ್ತಗೆ ಇರೋದು ಎರಡೂ ಕಡೆಯವರ ಒಪ್ಪಿಗೆಯಿಂದ. ಯಾರಾದರೂ ಒಬ್ಬರು ಮನಸ್ಸು ಬದಲಾಯಿಸಿದ್ರೆ ಒಂದೇ ರಾತ್ರಿ ಸಾಕು. ಐರ್ಲೆಂಡಿನ ಗಡಿಯಲ್ಲಿ ಮನೆ ಇರುವವರು ಮೂರು ವರ್ಷ ಕೇಳ್ತಾ ಇದ್ದದ್ದು ಅಮ್ಮ ನನ್ನನ್ನು ಕೇಳಿದ ಪ್ರಶ್ನೆಯನ್ನೇ.

ಅಲ್ಲಿ ಕೊನೆಗೆ ಏನಾಯ್ತು? ಜಾನ್ಸನ್ ಮೂರನೇ ಮಾತನ್ನು ಬಿಟ್ಟುಕೊಟ್ರು. ಗಡಿ ತಪಾಸಣೆ ಸಮುದ್ರಕ್ಕೆ ಹೋಯ್ತು, ಬ್ರಿಟನ್ ಮತ್ತು ಅದರದ್ದೇ ಉತ್ತರ ಐರ್ಲೆಂಡ್ ನಡುವೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಅದು ಎರಡು ಅಕ್ಷರವಾಗಿ ಬಂತು. ಅಲ್ಲಿಯವರೆಗೆ ಎಲ್ಲಾ ಬ್ರಿಟಿಷ್ ನೋಂದಣಿ ಸಂಖ್ಯೆಗಳ ಮುಂದೆ ‘ಜಿಬಿ’. 2021ರ ಜನವರಿ 1ರಿಂದ ಉತ್ತರ ಐರ್ಲೆಂಡಿನವರು ಯುರೋಪಿನ ಜೊತೆ ಸರಕಿನ ವ್ಯವಹಾರಕ್ಕೆ ‘ಎಕ್ಸ್‌ಐ’ ಅಂತ ಹಾಕಬೇಕು. ಒಂದೇ ದೇಶ, ಎರಡು ಗುರುತು. ಆ ಷರತ್ತನ್ನು ನಾನೇ ಬರೆದೆ. ಎಂಟೋ ಒಂಬತ್ತೋ ಸಾಲು. ಬರೆಯುವಾಗ ಅಜ್ಜನ ಸರ್ವಿಸ್ ಪುಸ್ತಕ ನೆನಪಾಯ್ತು. ಅದಾದ ಮೇಲೂ ಉತ್ತರ ಐರ್ಲೆಂಡಿನ ದೊಡ್ಡ ಪಕ್ಷವೊಂದು ಆ ಸಮುದ್ರದ ಗಡಿಯನ್ನು ವಿರೋಧಿಸಿ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿನ ಸರ್ಕಾರವನ್ನೇ ನಡೆಯಲು ಬಿಡಲಿಲ್ಲ. ಮಧ್ಯೆ 2023ರಲ್ಲಿ ವಿಂಡ್ಸರ್ ಒಪ್ಪಂದ ಅಂತ ಇನ್ನೊಂದು ತಿದ್ದುಪಡಿ. ಬ್ರೆಕ್ಸಿಟ್ ಮುಗಿಸಿಬಿಡೋಣ ಅಂದವರಿಗೆ ಆಮೇಲೂ ಮುಗಿಸೋಕೆ ಆಗಲಿಲ್ಲ.

ಇದರಿಂದ ನಾನು ಕಲಿತದ್ದು ಒಂದೇ. ಸೇರೋಣವಾ, ಬಿಡೋಣವಾ ಅಂತ ಯಾರಾದರೂ ನಮ್ಮನ್ನು ಕೇಳಿದಾಗ, ಅದು ರಾಜ್ಯವಾಗಲಿ, ಒಪ್ಪಂದವಾಗಲಿ, ಸಹಕಾರಿ ಸಂಘವಾಗಲಿ, ಕೈ ಎತ್ತುವ ಮುಂಚೆ ವಾಪಸ್ ಕೇಳೋಣ: ಗೆರೆ ಎಲ್ಲಿ ಬೀಳುತ್ತೆ? ಅಲ್ಲಿ ಯಾರ ಮನೆ ಇದೆ? ಪೂರ್ತಿ ಉತ್ತರ ಯಾವ ದಿನ ಕೊಡ್ತೀರಿ? ಈ ಮೂರಕ್ಕೆ ಉತ್ತರ ಇಲ್ಲದಿದ್ರೆ ಪ್ರಶ್ನೆ ಇನ್ನೂ ಸಿದ್ಧವಾಗಿಲ್ಲ ಅಂತ ಅರ್ಥ. ಹೌದು ಅನ್ನಿ, ಇಲ್ಲ ಅನ್ನಿ, ಜನ ಹೇಗೋ ಹೊಂದಿಕೊಳ್ತಾರೆ. ಉತ್ತರವೇ ಬರದಿದ್ರೆ ಆ ಖರ್ಚು ದೊಡ್ಡವರ ಲೆಕ್ಕಕ್ಕೆ ಬರೋದಿಲ್ಲ. ಯಾವುದೋ ಮನೆಯ ಹುಡುಗ ಯಾವ ಭಾಷೆ ಕಲಿಯಬೇಕು ಅಂತ ಗೊತ್ತಾಗದೆ ಬೆಳೀತಾನೆ.

ಆ ಪ್ರಾಜೆಕ್ಟ್ ಈಗ ಬೇರೆ ತಂಡಕ್ಕೆ ಹೋಗಿದೆ. ತಾರೀಖಿನ ಆ ಸಾಲು ಇನ್ನೂ ಫೈಲಿನಲ್ಲಿ ಇದೆ ಅಂತ ಕೇಳಿದೆ, ಯಾರೂ ಅಳಿಸಿಲ್ಲ. ಅಜ್ಜನ ಸರ್ವಿಸ್ ಪುಸ್ತಕ ನನ್ನ ಹತ್ತಿರ, ಇಲ್ಲೇ ಕೀಲ್ಪಾಕ್‌ನ ಬೀರುವಿನಲ್ಲಿದೆ. ಅದರ ಮೊದಲ ಪುಟದ ಮೊಹರು ಈ ಊರಿನ ಸರ್ಕಾರದ್ದೇ ಅಲ್ವಾ.

ನಿಮ್ಮ ಮನೆಯಲ್ಲೂ ಇಂಥ ಗಡಿಯ ಕಥೆ ಇದ್ದರೆ, ಹಿರಿಯರು ಇರುವಾಗಲೇ ಕೂತು ಕೇಳಿ.